ಹಳೇ ಬಿಬಿಸಿ ಮೈಕ್ರೋ: ಕ್ಯಾಸೆಟ್ ಬದಲು ಫೋನ್, ಪ್ರಿಂಟರ್ ಬದಲು ಲ್ಯಾಪ್‌ಟಾಪ್, ಕನೆಕ್ಷನ್ ಎಲ್ಲಿ ಕೈ ಕೊಡುತ್ತೆ

ನಮ್ಮ ಸೋದರಮಾವ ತುಮಕೂರಲ್ಲಿ ಗಣಿತದ ಮೇಷ್ಟ್ರಾಗಿದ್ರು. 1984ರಲ್ಲಿ ಸೆಂಟ್ರಲ್ ಗೌರ್ಮೆಂಟಿನವ್ರು 'ಕ್ಲಾಸ್' ಅಂತ ಒಂದು ಯೋಜನೆ ಶುರು ಮಾಡಿ ಸ್ಕೂಲುಗಳಿಗೆ ಬಿಬಿಸಿ ಮೈಕ್ರೋ ಕಂಪ್ಯೂಟರ್ ಕೊಟ್ಟಿದ್ರಲ್ಲ, ಮಾವ ಬೇಸಿಕ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲ್ತಿದ್ದೇ ಅದರಲ್ಲಿ. ಅವರ ಅಟ್ಟದ ಮೇಲೆ ಅಂಥದ್ದೇ ಒಂದು ಮಷೀನು, ಜೊತೆಗೆ ಒಂದು ಚಪ್ಪಲಿ ಡಬ್ಬದ ತುಂಬ ಕ್ಯಾಸೆಟ್ ಇತ್ತು. ಕ್ಯಾಸೆಟ್ ಮೇಲೆ ಮಾವನ ಕೈಬರಹದಲ್ಲೇ 'ಅಕ್ಷರ 1', 'ಅಕ್ಷರ 2', 'ಮಗ್ಗಿ' ಅಂತೆಲ್ಲ ಬರೆದಿತ್ತು. ಆಗೆಲ್ಲ ಪ್ರೋಗ್ರಾಂಗಳನ್ನ ಸದ್ದಾಗಿ ಮಾಡಿ ಮಾಮೂಲಿ ಕ್ಯಾಸೆಟ್ಟಲ್ಲೇ ಇಟ್ಕೊತಿದ್ರು. ಅದರಲ್ಲಿರೋ ಪ್ರೋಗ್ರಾಂಗಳನ್ನ ಉಳಿಸ್ಕೊಬೇಕು ಅಂತ ಕೂತೋನಿಗೆ ಮೂರು ತಿಂಗಳು ಹಿಡೀತು, ನಿಮಗೆ ಅಷ್ಟು ಹಿಡೀಬಾರ್ದು ಅಂತ ಇದನ್ನ ಬರೀತಿದೀನಿ.

ಮೊದಲು ಒಂದು ಮಾತು. ಕಮಾಂಡ್‌ಗಳನ್ನ ನಾನಿಲ್ಲಿ ಕನ್ನಡದಲ್ಲೇ ಬರೆದಿದೀನಿ, ಮಷೀನಲ್ಲಿ ಮಾತ್ರ ಇಂಗ್ಲಿಷ್ ಕ್ಯಾಪಿಟಲ್ ಅಕ್ಷರದಲ್ಲಿ ಹೊಡೀಬೇಕು.

ಕರೆಂಟ್ ಕೊಡೋಕೆ ಮುಂಚೆ

ಅಟ್ಟದಿಂದ ಇಳಿಸಿದ ತಕ್ಷಣ ಪ್ಲಗ್ ಹಾಕ್ಬೇಡಿ ದಯವಿಟ್ಟು. ಬಿಬಿಸಿ ಮೈಕ್ರೋದ ಪವರ್ ಸಪ್ಲೈ ಒಳಗೆ ರೀಫಾ ಕಂಪ್ನಿಯ ಕೆಪಾಸಿಟರ್ ಇರ್ತವೆ, ಹಳದಿ ಬಣ್ಣದ ಗಾಜಿನ ಥರ ಕಾಣೋವು. ವರ್ಷ ಕಳೀತಾ ಅವುಗಳ ಮೇಲ್ಮೈ ಬಿರುಕು ಬಿಟ್ಟು ಒಳಗೆ ತೇವ ಸೇರ್ಕೊಂಡಿರುತ್ತೆ, ಕರೆಂಟ್ ಕೊಟ್ಟ ಸ್ವಲ್ಪ ಹೊತ್ತಿಗೆ ಢಬ್ ಅಂತ ಒಡೆದು ರೂಮೆಲ್ಲ ಕೆಟ್ಟ ವಾಸನೆ ಹೊಗೆ ತುಂಬ್ಕೊಳುತ್ತೆ. ಅವನ್ನ ತೆಗೆಸಿ ಅದೇ ಅಳತೆಯ (ಮೈಕ್ರೋಫ್ಯಾರಡ್) ಎಕ್ಸ್2 ಅಂತ ಬರೆದಿರೋ ಕೆಪಾಸಿಟರನ್ನೇ ಹಾಕಿಸಿ, ಮೇನ್ಸ್ ಲೈನಿಗೆ ಬೇರೆ ಯಾವುದೋ ಹಾಕ್ಬಾರ್ದು. ಈ ಪವರ್ ಸಪ್ಲೈ ಬಿಚ್ಚೋದು ಮಾತ್ರ ಟಿವಿ ರಿಪೇರಿ ಗೊತ್ತಿರೋರ ಕೈಲೇ ಮಾಡಿಸಿ, ಪ್ಲಗ್ ಕಿತ್ತ ಮೇಲೂ ಒಳಗೆ ಚಾರ್ಜ್ ಉಳಿದಿರುತ್ತೆ.

ಆಮೇಲೆ ಆನ್ ಮಾಡಿದ್ರೆ ಒಂದು ದಪ್ಪ ದನಿಯ ಸದ್ದು, ಹಿಂದೇನೇ ಒಂದು ಸಣ್ಣ ಬೀಪ್ ಬರ್ಬೇಕು. ಎರಡೂ ಬಂತು ಅಂದ್ರೆ ಮಷೀನ್ ಎದ್ದಿದೆ. ಮೊದಲನೇ ಸದ್ದೇ ಎಳೀತಾ ಇದ್ರೆ ಅದು ಬೇರೆ ಕಾಯಿಲೆ, ಕೇಬಲ್ ಗೀಬಲ್ ಮುಟ್ಬೇಡಿ, ಮೊದಲು ಚಿಪ್‌ಗಳು ಸಾಕೆಟ್ಟಲ್ಲಿ ಸರಿಯಾಗಿ ಕೂತಿದಾವ ನೋಡಿ.

ಕ್ಯಾಸೆಟ್ಟಿಂದ ಮೊದಲು ಲ್ಯಾಪ್‌ಟಾಪಿಗೆ

ಹಳೇ ಕ್ಯಾಸೆಟ್ಟನ್ನ ನೇರವಾಗಿ ಮಷೀನಿಗೆ ಲೋಡ್ ಮಾಡೋಕೆ ಹೋಗ್ಬೇಡಿ, ಯಾಕಂದ್ರೆ ಒಂದೊಂದು ಸಲ ಓಡಿಸಿದಾಗ್ಲೂ ಟೇಪ್ ಸವೀತಾ ಇರುತ್ತೆ, ಇನ್ನೊಂದೇ ಸಲ ಓಡೋ ಸ್ಥಿತೀಲಿ ಇರ್ಬೋದು ಅದು. ಒಂದು ಒಳ್ಳೇ ಟೇಪ್ ರೆಕಾರ್ಡರ್ ತಗೊಂಡು ಲ್ಯಾಪ್‌ಟಾಪಿಗೆ 44.1 ಕಿಲೋಹರ್ಟ್ಸ್, 16 ಬಿಟ್ ವೇವ್ ಫೈಲಾಗಿ ರೆಕಾರ್ಡ್ ಮಾಡ್ಕೊಳಿ. ಎಂಪಿ3 ಬೇಡ. ಹಾಡಿಗೆ ಅದು ಸಾಕು, ಡೇಟಾಗೆ ಅಲೆಯ ಆಕಾರ ಕೆಡಬಾರ್ದು. ರೆಕಾರ್ಡ್ ಮಾಡೋವಾಗ ಲ್ಯಾಪ್‌ಟಾಪ್ ಚಾರ್ಜರ್ ತೆಗ್ದು ಬ್ಯಾಟರಿ ಮೇಲೇ ಓಡಿಸಿ, ನಮ್ಮನೆಗಳಲ್ಲಿ ಅರ್ಥಿಂಗ್ ಎಷ್ಟು ಚೆನ್ನಾಗಿರುತ್ತೆ ಗೊತ್ತಲ್ಲ, ಚಾರ್ಜರ್ ಇದ್ರೆ ಗುಂಯ್ ಅನ್ನೋ ಸದ್ದು ಸೇರ್ಕೊಳುತ್ತೆ.

ಟೇಪಿನ ಅಂಚಲ್ಲಿ ಬಿಳಿ ಬೂಷ್ಟು ಕಂಡ್ರೆ ಪ್ಲೇ ಮಾಡ್ಲೇಬೇಡಿ, ಟೇಪ್ ಓದೋ ಹೆಡ್ಡಿಗೆ ಮೆತ್ಕೊಂಡು ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತೆ. ಟೇಪನ್ನ ಹೆಡ್ಡಿಗೆ ಒತ್ತಿ ಹಿಡಿಯೋ ಸಣ್ಣ ಸ್ಪಂಜ್ ಉದುರಿಹೋಗಿದ್ರೆ ಬೇರೆ ಕ್ಯಾಸೆಟ್ಟಿನ ಚಿಪ್ಪಿಗೆ ರೀಲು ಬದಲಾಯಿಸ್ಬೇಕು.

ಸದ್ದು ಮಂದವಾಗಿ, ಕಂಬಳಿ ಹೊದ್ಕೊಂಡು ಮಾತಾಡ್ದಂಗೆ ಕೇಳ್ತಿದ್ರೆ ಅದು ಹೆಡ್ ಓರೆಯಾಗಿರೋದು. ಹೆಡ್ ಪಕ್ಕದಲ್ಲಿ ಸ್ಪ್ರಿಂಗ್ ಇರೋ ಒಂದು ಪುಟಾಣಿ ಸ್ಕ್ರೂ ಇರುತ್ತೆ, ಟೇಪ್ ಓಡ್ತಾ ಇರೋವಾಗ್ಲೇ ಅದನ್ನ ಕೂದಲೆಳೆಯಷ್ಟು ಆಕಡೆ ಈಕಡೆ ತಿರುಗಿಸಿ, ಸದ್ದು ಎಲ್ಲಿ ಅತೀ ಚೂಪಾಗಿ ಕೇಳುತ್ತೋ ಅಲ್ಲಿ ಬಿಡಿ. ನಮ್ಮ ದೊಡ್ಡಪ್ಪ ಇಲ್ಲೇ ಎಚ್ಎಂಟಿ ವಾಚ್ ಫ್ಯಾಕ್ಟರೀಲಿ ಕೆಲಸ ಮಾಡ್ತಿದ್ದೋರು, ಅವರ ಹತ್ರ ಇದ್ದ ವಾಚಿನ ಸ್ಕ್ರೂಡ್ರೈವರ್ ಇದಕ್ಕೆ ಹೇಳಿ ಮಾಡಿಸ್ದಂಗಿತ್ತು. ಕಣ್ಣಲ್ಲಿ ನೋಡ್ಬೇಡ, ಕಿವಿ ಕೊಟ್ಟು ತಿರುಗ್ಸು ಅಂತ ಅವರೇ ಹೇಳ್ಕೊಟ್ಟಿದ್ದು. ನನ್ನ ಹದಿನೇಳು ಕ್ಯಾಸೆಟ್ಟಲ್ಲಿ ಆರು ಬರೀ ಇದರಿಂದಾನೇ ಸರಿಹೋದ್ವು.

ಫೋನಿಂದ ಮಷೀನಿಗೆ

ಈಗ ಆ ವೇವ್ ಫೈಲನ್ನ ಫೋನಿಗೆ ಹಾಕಿ, ಕ್ಯಾಸೆಟ್ ಲೀಡಿನ (ಮಷೀನಿಂದ ಟೇಪ್ ರೆಕಾರ್ಡರಿಗೆ ಹಾಕೋ ವೈರು) ಇಯರ್ ಪಿನ್ನನ್ನ ಫೋನಿಗೆ ಚುಚ್ಚಿದ್ರೆ ಫೋನೇ ಟೇಪ್ ರೆಕಾರ್ಡರ್. ಮಷೀನಿಗೆ ವ್ಯತ್ಯಾಸ ಗೊತ್ತಾಗಲ್ಲ, ಅದಕ್ಕೆ ಬೇಕಾಗಿರೋದು 1200 ಹರ್ಟ್ಸ್ ಮತ್ತೆ 2400 ಹರ್ಟ್ಸ್ ಸದ್ದು ಅಷ್ಟೇ. 1200ದು ಒಂದು ಸುತ್ತು ಬಂದ್ರೆ ಸೊನ್ನೆ, 2400ದು ಎರಡು ಸುತ್ತು ಬಂದ್ರೆ ಒಂದು. ಒಂದು ಬೈಟಿಗೆ ಮುಂದೆ ಒಂದು ಹಿಂದೆ ಒಂದು ಸೇರಿ 10 ಬಿಟ್ ಹೋಗುತ್ತೆ, ಅಂದ್ರೆ 1200 ಬಾಡಲ್ಲಿ (ಸೆಕೆಂಡಿಗೆ 1200 ಬಿಟ್) ಸೆಕೆಂಡಿಗೆ 120 ಬೈಟು, 256 ಬೈಟಿನ ಒಂದು ಬ್ಲಾಕಿಗೆ ಹತ್ರಹತ್ರ 2 ಸೆಕೆಂಡು. ಇದನ್ನ ನೆನಪಿಟ್ಕೊಳಿ, ಮುಂದೆ ಉಪಯೋಗಕ್ಕೆ ಬರುತ್ತೆ.

ಫೋನನ್ನ ಫ್ಲೈಟ್ ಮೋಡಿಗೆ ಹಾಕಿ. ಲೋಡಾಗ್ತಾ ಇರೋವಾಗ ಒಂದು ವಾಟ್ಸಾಪ್ ಮೆಸೇಜ್ ಟಿಂಗ್ ಅಂದ್ರೂ ಆ ಬ್ಲಾಕ್ ಹೋಯ್ತು. ಈಕ್ವಲೈಜರ್, ಬೇಸ್ ಬೂಸ್ಟ್ ಎಲ್ಲ ಆಫ್. ಇನ್ನೊಂದು, ಹಳೇ ಲೀಡಿನ ಪಿನ್ನು ಮೋನೋ ಇರುತ್ತೆ, ಫೋನಿನ ಜ್ಯಾಕು ಸ್ಟೀರಿಯೋ, ಕೆಲವು ಫೋನಿಗೆ ಇದು ಹೆಡ್‌ಫೋನ್ ಅಂತಲೇ ಗೊತ್ತಾಗಲ್ಲ, ಸದ್ದು ಸ್ಪೀಕರಲ್ಲೇ ಬರ್ತಾ ಇರುತ್ತೆ. ಸ್ಟೀರಿಯೋ ಪಿನ್ ತಂದು ಎಡಗಡೆ ಚಾನೆಲ್ ಮಾತ್ರ ಬೆಸುಗೆ ಹಾಕಿದ್ರೆ ಮುಗೀತು.

ಮಷೀನಲ್ಲಿ ಮೊದಲು *ಟೇಪ್ ಅಂತ ಹೊಡೀರಿ. ಫ್ಲಾಪಿ ಹಾಕೋ ಚಿಪ್ ಇರೋ ಮಷೀನು ಆನ್ ಆದಾಗ ಫ್ಲಾಪಿನೇ ಹುಡುಕ್ತಾ ಇರುತ್ತೆ. ಅಂಥ ಮಷೀನಲ್ಲಿ ಪ್ರೋಗ್ರಾಂ ಕೂರೋ ಜಾಗಾನೂ &1900ಇಂದ (& ಅಂದ್ರೆ ಹೆಕ್ಸಾಡೆಸಿಮಲ್ ಲೆಕ್ಕದ ನಂಬರ್) ಶುರುವಾಗುತ್ತೆ, ಟೇಪ್ ಪ್ರೋಗ್ರಾಂ ಬರ್ದೋರು &ಇ00 ಇಂದ ಲೆಕ್ಕ ಹಾಕಿರ್ತಾರೆ, ಹಾಗಾಗಿ ದೊಡ್ಡ ಪ್ರೋಗ್ರಾಂ ಪೂರ್ತಿ ಲೋಡಾಗಿ ಆಮೇಲೆ ಜಾಗ ಇಲ್ಲ ಅಂತ ಕೈ ಕೊಡುತ್ತೆ. ಪೇಜ್=&ಇ00 ಅಂತ ಹೊಡೆದು, ನ್ಯೂ ಅಂತ ಹೊಡೆದು, ಆಮೇಲೆ ಲೋಡ್ ಮಾಡಿ.

ವಾಲ್ಯೂಮ್ ಎಷ್ಟಿಡ್ಬೇಕು ಅಂತ ಗೊತ್ತಾಗೋಕೆ ಲೋಡ್ ಮಾಡ್ಬೇಕಿಲ್ಲ, *ಕ್ಯಾಟ್ ಅಂತ ಹೊಡೆದು ಫೈಲ್ ಪ್ಲೇ ಮಾಡಿ. ಪ್ರೋಗ್ರಾಂ ಹೆಸರು ಬಂದು ಪಕ್ಕದಲ್ಲಿ ಬ್ಲಾಕ್ ನಂಬರ್ ಏರ್ತಾ ಹೋಗುತ್ತೆ. ಏನೂ ಬರ್ಲಿಲ್ಲ ಅಂದ್ರೆ ಸದ್ದು ಕಮ್ಮಿ, 'ಡೇಟಾ?' ಅಂತ ಬರ್ತಿದ್ರೆ ಸ್ವಲ್ಪ ಏರ್ಸಿ ಇಳ್ಸಿ ನೋಡಿ. ನನ್ನ ಫೋನಲ್ಲಿ ಪೂರ್ತಿ ವಾಲ್ಯೂಮಿಂದ ಎರಡು ಮೆಟ್ಟಿಲು ಕೆಳಗೆ ಸರಿ ಬಂತು.

ಲೋಡಾಗ್ತಾ 'ಡೇಟಾ?' ಅಥವಾ 'ಬ್ಲಾಕ್?' ಅಂತ ಬಂದು ಟೇಪ್ ಹಿಂದಕ್ಕೆ ಸುತ್ತಿ ಅಂತ ಕೇಳಿದ್ರೆ ಬ್ರೇಕ್ ಕೀ ಒತ್ಬೇಡಿ! ಎಷ್ಟೋ ಜನ ಇಲ್ಲೇ ಎಲ್ಲ ಕಳ್ಕೊಂಡು ಮೊದಲಿಂದ ಶುರು ಮಾಡ್ತಾರೆ. ಮಷೀನು ಎಲ್ಲೀವರೆಗೂ ಓದಿದೆ ಅಂತ ನೆನಪಿಟ್ಕೊಂಡಿರುತ್ತೆ, ನೀವು ಫೋನಲ್ಲಿ ಒಂದು 10 ಸೆಕೆಂಡ್ ಹಿಂದಕ್ಕೆ ಎಳೆದು ಮತ್ತೆ ಪ್ಲೇ ಮಾಡಿ, ಬ್ಲಾಕಿಗೆ 2 ಸೆಕೆಂಡ್ ಚಿಲ್ಲರೆ ಅಂದ್ನಲ್ಲ, ಮೂರ್ನಾಲ್ಕು ಬ್ಲಾಕ್ ಹಿಂದೆ ಹೋದಂಗಾಯ್ತು, ಅದೇ ಹೊಂದಿಸ್ಕೊಂಡು ಕೆಟ್ಟ ಬ್ಲಾಕಿಂದ ಮುಂದುವರಿಸುತ್ತೆ.

ಫೋನಿಗೆ ಇರೋ ಒಂದೇ ದೊಡ್ಡ ಕೊರತೆ ಮೋಟಾರ್. ಹಳೇ ಟೇಪ್ ರೆಕಾರ್ಡರನ್ನ ಮಷೀನೇ ನಿಲ್ಲಿಸ್ತಿತ್ತು ಓಡಿಸ್ತಿತ್ತು, ಒಳಗಿರೋ ರಿಲೇ ಟಕ್ ಅನ್ನೋದು ಕೇಳುತ್ತೆ. ಮಾರ್ಕ್ಸ್ ಪಟ್ಟಿ ಥರದ ಡೇಟಾ ಫೈಲ್ ಓದೋ ಪ್ರೋಗ್ರಾಂಗಳು ಒಂದು ಬ್ಲಾಕ್ ಓದಿ, ಮೋಟಾರ್ ನಿಲ್ಸಿ, ಲೆಕ್ಕ ಮಾಡಿ, ಆಮೇಲೆ ಮುಂದಿಂದು ಕೇಳ್ತವೆ, ಫೋನ್ ಕಾಯಲ್ಲ, ಹಾಡ್ತಾ ಹೋಗುತ್ತೆ. ಕೀಬೋರ್ಡಲ್ಲಿ ಕ್ಯಾಸೆಟ್ ಮೋಟಾರ್ ದೀಪ ಇದೆಯಲ್ಲ, ಅದರ ಮೇಲೇ ಕಣ್ಣಿಟ್ಟು ಆರಿದಾಗ ಪಾಸ್, ಹತ್ತಿದಾಗ ಪ್ಲೇ ಒತ್ತಿ. ಇಂಥ ಫೈಲ್ ಜಾಸ್ತಿ ಇದ್ರೆ ಆರ್ಡುಯಿನೋ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡ್ ಮೇಲೆ ಮಾಡೋ ಟೇಪ್ ಪ್ಲೇಯರ್ ಕಟ್ಕೊಳಿ, ಎಸ್‌ಡಿ ಕಾರ್ಡಿಂದ ಓದುತ್ತೆ, ಮೋಟಾರ್ ವೈರ್ ಅದಕ್ಕೆ ಕೊಟ್ರೆ ತಾನೇ ನಿಂತು ತಾನೇ ಓಡುತ್ತೆ.

ಸೀರಿಯಲ್, ನನ್ನ ಹೆಚ್ಚು ದಿನ ತಿಂದಿದ್ದು ಇದೇ

ಪ್ರೋಗ್ರಾಂ ಮಷೀನಿಗೆ ಬಂತು, ಅದನ್ನ ಓದೋಕೆ ಬರೋ ಟೆಕ್ಸ್ಟ್ ಫೈಲಾಗಿ ಲ್ಯಾಪ್‌ಟಾಪಿಗೆ ತರೋಕೆ ಹಿಂದಿರೋ ಆರ್‌ಎಸ್423 ಅನ್ನೋ ಸೀರಿಯಲ್ ಪೋರ್ಟ್ (ಒಂದರ ಹಿಂದೆ ಒಂದು ಬಿಟ್ ಕಳ್ಸೋದು) ಬೇಕು. ಇದಕ್ಕೆ ಯುಎಸ್‌ಬಿ ಇಂದ ಆರ್‌ಎಸ್232 ಮಾಡೋ, 9 ಪಿನ್ನಿನ ಕೇಬಲ್ ತಗೊಳಿ, ಬೆಂಗಳೂರು ಎಸ್‌ಪಿ ರೋಡಲ್ಲಿ ಸಿಗುತ್ತೆ. ಆರ್ಡುಯಿನೋಗೆ ಹಾಕೋ ಸಣ್ಣ ಟಿಟಿಎಲ್ ಬೋರ್ಡನ್ನ ನೇರವಾಗಿ ಹಾಕ್ಬೇಡಿ, ಇಲ್ಲಿ ಲೈನ್ ಮೇಲೆ ಪ್ಲಸ್ 5, ಮೈನಸ್ 5 ವೋಲ್ಟ್ ಓಡಾಡುತ್ತೆ, ಬೋರ್ಡ್ ಸುಟ್ಟುಹೋಗ್ಬೋದು, ಸಿಗ್ನಲ್ಲೂ ತಲೆಕೆಳಗು.

ಕೇಬಲ್ ಕಟ್ಟೋದು ಹೀಗೆ. ಬಿಬಿಸಿಯ ಡೇಟಾ ಔಟ್ 9 ಪಿನ್ನಿನ 2ಕ್ಕೆ, ಡೇಟಾ ಇನ್ 3ಕ್ಕೆ, ಗ್ರೌಂಡ್ 5ಕ್ಕೆ, ಆರ್‌ಟಿಎಸ್ 8ಕ್ಕೆ, ಸಿಟಿಎಸ್ 7ಕ್ಕೆ (ಕೊನೇ ಎರಡು, ಕಳ್ಸು ನಿಲ್ಸು ಅಂತ ಆಕಡೆ ಈಕಡೆ ಹೇಳ್ಕೊಳೋ ತಂತಿಗಳು). ಬಿಬಿಸಿ ಕಡೆ ಪ್ಲಗ್ಗು ಡಾಮಿನೋ ಕಲ್ಲಿನ ಥರ ಐದು ಪಿನ್, ನಡುವಿಂದು ಗ್ರೌಂಡ್, ಮತ್ತೆ ಈ ದರಿದ್ರ ಪ್ಲಗ್ಗು ತಲೆಕೆಳಗಾಗಿಯೂ ಆರಾಮಾಗಿ ಒಳಗೆ ಹೋಗುತ್ತೆ. ಏನೂ ಬರ್ತಿಲ್ಲ ಅಂದ್ರೆ ಮೊದಲು ಅದನ್ನ ಕಿತ್ತು ತಿರುಗಿಸಿ ಹಾಕಿ, ಸರಿ ಬಂದಾಗ ಮೇಲುಗಡೆ ನೇಲ್ ಪಾಲಿಶಲ್ಲಿ ಒಂದು ಚುಕ್ಕಿ ಇಡಿ.

ಮಷೀನಿಗೆ ಹಾಕೋ ಮುಂಚೆ ಯುಎಸ್‌ಬಿ ಕೇಬಲ್ ಒಂದನ್ನೇ ಪರೀಕ್ಷೆ ಮಾಡಿ. 2 ಮತ್ತು 3ನೇ ಪಿನ್ನನ್ನ ಒಂದು ತಂತೀಲಿ ಸೇರಿಸಿ ಟರ್ಮಿನಲ್ ಸಾಫ್ಟ್‌ವೇರಲ್ಲಿ ಏನಾದ್ರೂ ಟೈಪ್ ಮಾಡಿ, ಟೈಪ್ ಮಾಡಿದ್ದೇ ವಾಪಸ್ ಕಂಡ್ರೆ ಲ್ಯಾಪ್‌ಟಾಪ್ ಕಡೆ ಸರಿಯಿದೆ. ಆಮೇಲೆ ಮಲ್ಟಿಮೀಟರ್ ತಗೊಂಡು 5 ಮತ್ತು 3ರ ಮಧ್ಯೆ ಅಳೆದ್ರೆ ಸುಮ್ನಿರೋವಾಗ ಮೈನಸ್ ವೋಲ್ಟ್ ತೋರಿಸ್ಬೇಕು.

ಈಗ ನನ್ನ ಕಥೆ. ಬಿಬಿಸಿಲಿ ಲಿಸ್ಟ್ (ಪ್ರೋಗ್ರಾಂನ ಲೈನ್ ಲೈನಾಗಿ ತೋರ್ಸೋ ಕಮಾಂಡ್) ಕೊಟ್ರೆ ಒಂದೆರಡು ಲೈನ್ ಬಂದು ಮಷೀನು ಹಾಗೇ ನಿಂತುಬಿಡ್ತಿತ್ತು. ಸೀರಿಯಲ್ ನೋಡ್ಕೊಳೋ 6850 ಚಿಪ್ಪೇ ಹೋಗಿದೆ ಅಂದ್ಕೊಂಡು ಎರಡು ವಾರ ಹೊಸ ಚಿಪ್ ಹುಡುಕ್ದೆ. ಆಮೇಲೆ ಯೋಚ್ನೆ ಬಂತು, ಬಿಬಿಸಿಲಿ ಕ್ಯಾಸೆಟ್ಟಿಗೂ ಸೀರಿಯಲ್ಲಿಗೂ ಅದೇ ಒಂದು ಚಿಪ್ಪು, ಕ್ಯಾಸೆಟ್ ಚೆನ್ನಾಗಿ ಲೋಡಾಗ್ತಿದೆ ಅಂದ್ಮೇಲೆ ಚಿಪ್ ಹೆಂಗೆ ಸತ್ತಿರುತ್ತೆ? ತಪ್ಪಿದ್ದಿದ್ದು ಕೇಬಲಲ್ಲಿ, ನಾನು ಮೂರೇ ತಂತಿ ಹಾಕಿದ್ದೆ. ಆ ಕಡೆಯೋರು ರೆಡಿ ಅಂತ ಸಿಟಿಎಸ್ ಹೇಳೋವರೆಗೂ ಈ ಚಿಪ್ ಒಂದಕ್ಷರಾನೂ ಕಳ್ಸಲ್ಲ, ಸ್ಕ್ರೀನಲ್ಲಿ ಕಂಡ ಆ ಒಂದೆರಡು ಲೈನು ಬರೀ ಬಫರ್ (ಕಳ್ಸೋ ಮುಂಚೆ ಅಕ್ಷರ ಕೂಡಿಡೋ ಜಾಗ) ತುಂಬೋವರೆಗಿಂದು. ಐದೂ ತಂತಿ ಹಾಕಿ, ಇಲ್ಲಾಂದ್ರೆ ಬಿಬಿಸಿ ಪ್ಲಗ್ಗಲ್ಲೇ ಆರ್‌ಟಿಎಸ್ ಸಿಟಿಎಸ್ ಎರಡನ್ನೂ ಸೇರಿಸಿಬಿಡಿ.

ಕಳಿಸೋ ಕ್ರಮ: *ಎಫ್ಎಕ್ಸ್ 7,7 ಮತ್ತೆ *ಎಫ್ಎಕ್ಸ್ 8,7 (ಬರೋದು ಹೋಗೋದು ಎರಡೂ 9600), *ಎಫ್ಎಕ್ಸ್ 5,2 (ಪ್ರಿಂಟರ್ ಅಂದ್ರೆ ಸೀರಿಯಲ್), *ಎಫ್ಎಕ್ಸ್ 6,0, ಆಮೇಲೆ ವಿಡಿಯು 2, ಲಿಸ್ಟ್, ಮುಗಿದ ಮೇಲೆ ವಿಡಿಯು 3. ಲ್ಯಾಪ್‌ಟಾಪಲ್ಲಿ 9600, 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್. ಅರ್ಥವಾಗದ ಚಿಹ್ನೆಗಳು ಬರ್ತಿದ್ರೆ ಸ್ಪೀಡ್ ಹೊಂದ್ತಿಲ್ಲ, ಎರಡೂ ಕಡೆ 1200ಕ್ಕೆ ಇಳ್ಸಿ ನೋಡಿ (8ನೇ ಆಯ್ಕೆಯ 19200ನ್ನ ನಂಬ್ಕೊಬೇಡಿ). ಎಲ್ಲ ಲೈನೂ ಒಂದರ ಮೇಲೊಂದು ಬಿದ್ದು ಒಂದೇ ಲೈನಾದ್ರೆ *ಎಫ್ಎಕ್ಸ್ 6,0 ಮರ್ತಿದೀರ ಅಂತ, ಮಾಮೂಲಿಯಾಗಿ ಬಿಬಿಸಿ ಪ್ರಿಂಟರಿಗೆ ಲೈನ್ ಫೀಡ್ (ಮುಂದಿನ ಲೈನಿಗೆ ಇಳಿ ಅನ್ನೋ ಸಂಕೇತ) ಕಳ್ಸಲ್ಲ. ಮಧ್ಯೆ ಬ್ರೇಕ್ ಒತ್ತಿದ್ರೆ ಓಲ್ಡ್ ಹೊಡೆದು ಪ್ರೋಗ್ರಾಂ ವಾಪಸ್ ತಗೊಳಿ, ಆದ್ರೆ ಸೆಟ್ಟಿಂಗ್ ಎಲ್ಲ ಮತ್ತೆ ಹೊಡೀರಿ.

ಲ್ಯಾಪ್‌ಟಾಪಿಂದ ವಾಪಸ್ ಕಳ್ಸೋಕೆ *ಎಫ್ಎಕ್ಸ್ 2,1. ಆಗ ಸೀರಿಯಲ್ಲಿಂದ ಬಂದಿದ್ದೆಲ್ಲ ಕೀಬೋರ್ಡಲ್ಲಿ ಟೈಪ್ ಮಾಡ್ದಂಗೆ, ಮಷೀನಿನ ಸ್ವಂತ ಕೀಬೋರ್ಡ್ ಕೆಲಸ ಮಾಡಲ್ಲ, ಅದಕ್ಕೆ ಫೈಲಿನ ಕೊನೇ ಲೈನಾಗಿ *ಎಫ್ಎಕ್ಸ್ 2,0 ಸೇರಿಸಿರಿ. ಲೈನಿನ ಕೊನೇಲಿ ಕ್ಯಾರೇಜ್ ರಿಟರ್ನ್ (ರಿಟರ್ನ್ ಕೀ ಒತ್ತಿದಾಗ ಬರೋ ಸಂಕೇತ) ಇರ್ಬೇಕು, ಲಿನಕ್ಸಲ್ಲಿ ಬರ್ದಿರೋ ಫೈಲಲ್ಲಿ ಅದಿರಲ್ಲ, ಬದಲಾಯಿಸ್ಕೊಳಿ. ಮಧ್ಯ ಮಧ್ಯ ಅಕ್ಷರ ನುಂಗಿಹೋದ್ರೆ ಪ್ರತೀ ಲೈನಿಗೆ 100 ಮಿಲಿಸೆಕೆಂಡ್ ಗ್ಯಾಪ್ ಕೊಡಿ, ಬಿಬಿಸಿ ಸಾಕು ನಿಲ್ಸು ಅಂದ್ಮೇಲೂ ಯುಎಸ್‌ಬಿ ಕೇಬಲ್ ಒಳಗೆ ಇಟ್ಕೊಂಡಿದ್ದನ್ನ ಕಳ್ಸಿಬಿಡುತ್ತೆ.

ನಾನು 'ಅಕ್ಷರ 1' ಹಿಂಗೇ ವಾಪಸ್ ಕಳ್ಸಿ ರನ್ ಮಾಡಿದಾಗ ಮಾವ ಪಕ್ಕದಲ್ಲೇ ಕೂತಿದ್ರು. ಸ್ಕ್ರೀನಲ್ಲಿ ಬರೀ ಏನೇನೋ ಬಂತು. "ಮೋಡ್ 4 ಹಾಕಪ್ಪ ಮೊದ್ಲು, ಮೋಡ್ 7ರಲ್ಲಿ ನಾವು ಬರ್ದ ಅಕ್ಷರ ಬರಲ್ಲ" ಅಂದ್ರು, ಇಷ್ಟು ವರ್ಷ ಆದ್ಮೇಲೂ ನೆನಪಿತ್ತು ಅವರಿಗೆ. ಮೋಡ್ ಅಂದ್ರೆ ಸ್ಕ್ರೀನ್ ಹೆಂಗೆ ತೋರಿಸ್ಬೇಕು ಅನ್ನೋ ಬಗೆ. ವಿಡಿಯು 23 ಅಂತ ಒಂದು ಕಮಾಂಡ್ ಇದೆ, ಎಂಟು ಚುಕ್ಕಿ ಅಗಲ ಎಂಟು ಚುಕ್ಕಿ ಎತ್ತರದಲ್ಲಿ ನಮಗೆ ಬೇಕಾದ ಅಕ್ಷರ ಬರ್ಕೋಬೋದು, ಅದರಲ್ಲಿ ಮಕ್ಕಳಿಗೋಸ್ಕರ ಅ ಆ ಇ ಈ ಎಲ್ಲ ಚುಕ್ಕಿ ಎಣಿಸಿ ಎಣಿಸಿ ಕೂರಿಸಿದ್ರು. ಮೋಡ್ 4 ಹಾಕಿದ್ವಿ, ಒಂದೊಂದೇ ಅಕ್ಷರ ಬಂತು. ಮಾವ ಕನ್ನಡಕ ಹಾಕ್ಕೊಂಡು ಹತ್ರ ಬಂದು ನೋಡಿ "ಈ ಅಕ್ಷರದಲ್ಲಿ ಒಂದು ಚುಕ್ಕಿ ತಪ್ಪಿದೆ ಕಣೋ, ಆವಾಗ್ಲೇ ಸರಿ ಮಾಡ್ಬೇಕು ಅಂದ್ಕೊಂಡಿದ್ದೆ" ಅಂದ್ರು. 140ನೇ ಲೈನ್ ತೆಗ್ದು ಅವರೇ ನಂಬರ್ ಬದಲಾಯಿಸಿದ್ರು, ಮತ್ತೆ ಲಿಸ್ಟ್ ಕೊಟ್ಟು ಹೊಸ ಹೆಸರಲ್ಲಿ ಲ್ಯಾಪ್‌ಟಾಪಿಗೆ ಸೇವ್ ಮಾಡ್ಕೊಂಡೆ.