ಕುಳ್ಳಗಿರುವವರಿಗೆ ಸೈಕಲ್ ಹೊಂದಿಸೋದು ಹೇಗೆ? ಮೊದಲು ಸೀಟು, ಆಮೇಲೆ ಹ್ಯಾಂಡಲ್

ಹ್ಯಾಂಡಲ್ ದೂರ ಅನ್ನಿಸಿದ ತಕ್ಷಣ ಎಲ್ಲರೂ ಕೈ ಹಾಕೋದು ಸೀಟಿಗೆ. ನಾನೂ ಅದನ್ನೇ ಮಾಡಿಸಿದ್ದೆ. ನನ್ನ ಎತ್ತರ 150 ಸೆಂ.ಮೀ. ದಾವಣಗೆರೆಯ ಕುಂದವಾಡ ಕೆರೆ ಕಡೆ ಬೆಳಿಗ್ಗೆ ಸೈಕಲ್ ಹೊಡೆಯಲು ಶುರು ಮಾಡಿದ ಹೊಸದರಲ್ಲಿ ಅರ್ಧ ಗಂಟೆಗೇ ಅಂಗೈ ಜೋಮು ಹಿಡಿಯುತ್ತಿತ್ತು, ಕತ್ತು ಬಿಗಿಯುತ್ತಿತ್ತು. ಅಂಗಡಿಯಲ್ಲಿ ಹೇಳಿದರೆ “ಸೀಟು ಮುಂದಕ್ಕೆ ತಳ್ಳಿ ಕೊಡ್ತೀನಿ ಬಿಡಿ ಮೇಡಂ” ಎಂದರು. ತಳ್ಳಿದರು. ಜೋಮು ಹೋಗಲಿಲ್ಲ, ತಿಂಗಳೊಳಗೆ ಮಂಡಿಚಿಪ್ಪಿನ ಸುತ್ತ ನೋವು ಬೇರೆ ಸೇರಿಕೊಂಡಿತು. ಸೀಟಿನ ಅಳತೆ ಕಾಲಿಗೆ, ಹ್ಯಾಂಡಲ್ ಅಳತೆ ಕೈಗೆ. ಇವೆರಡನ್ನು ಕಲಸಬೇಡಿ, ಅರ್ಧ ಕೆಲಸ ಮುಗಿದ ಹಾಗೆ.

ಮೊದಲು ಸೀಟಿನ ಎತ್ತರ. ಗೋಡೆ ಹಿಡಿದು ಸೈಕಲ್ ಮೇಲೆ ಕೂತುಕೊಳ್ಳಿ. ದಿನಾ ಹಾಕುವ ಚಪ್ಪಲಿಯೋ ಶೂವೋ ಕಾಲಲ್ಲಿರಲಿ. ಪೆಡಲ್ ಪೂರ್ತಿ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು, ಸೊಂಟ ಒಂದು ಕಡೆ ವಾಲಬಾರದು. ಆಮೇಲೆ ಪಾದದ ಮುಂಭಾಗ ಪೆಡಲ್ ಮೇಲೆ ಬಂದಾಗ ಮಂಡಿ ತಾನಾಗಿ ಸ್ವಲ್ಪ ಬಾಗುತ್ತೆ. ಲೆಕ್ಕ ಬೇಕು ಅನ್ನುವವರಿಗೆ ಇನ್ನೊಂದು ದಾರಿ ಇದೆ: ಕಾಲಿನ ಒಳ ಉದ್ದವನ್ನು, ಅಂದರೆ ತೊಡೆ ಸಂದಿನಿಂದ ನೆಲದವರೆಗಿನ ಅಳತೆಯನ್ನು, 0.883ರಿಂದ ಗುಣಿಸಿ. ನನ್ನದು 68 ಸೆಂ.ಮೀ., ಹಾಗಾಗಿ ಪೆಡಲ್ ತಿರುಗುವ ನಡುಬಿಂದುವಿನಿಂದ ಸೀಟಿನ ಮೇಲ್ಭಾಗದವರೆಗೆ ಸುಮಾರು 60 ಸೆಂ.ಮೀ. ಇದು ಶುರು ಮಾಡೋಕೆ ಒಂದು ಅಳತೆ ಅಷ್ಟೇ, ಅಲ್ಲಿಂದ ಅರ್ಧರ್ಧ ಸೆಂ.ಮೀ. ಆಚೀಚೆ ಮಾಡಿ ನೋಡಿ.

ಕುಳ್ಳಗಿರುವ ನಮ್ಮಂಥವರು ಎಡವೋದು ಇಲ್ಲೇ. ಕೂತಲ್ಲಿಂದಲೇ ಎರಡೂ ಕಾಲು ನೆಲಕ್ಕೆ ಊರಬೇಕು ಅಂತ ಸೀಟನ್ನು ತಳಕ್ಕೆ ಇಳಿಸಿಬಿಡ್ತೀವಿ, ಆಗ ಪ್ರತಿ ಸುತ್ತಿಗೂ ಮಂಡಿ ಜಾಸ್ತಿ ಮಡಚಿ ನೋಯುತ್ತೆ. ನಿಲ್ಲಿಸುವಾಗ ಸೀಟಿನಿಂದ ಮುಂದಕ್ಕೆ ಇಳಿದು ಕಾಲೂರಬೇಕು. ಖಾಲಿ ಮೈದಾನದಲ್ಲಿ ಎರಡು ದಿನ ಅಭ್ಯಾಸ ಮಾಡಿದರೆ ಬರುತ್ತೆ. ಹಾಗೆ ನಿಂತಾಗ ಮೇಲಿನ ಅಡ್ಡ ಪೈಪಿಗೂ ನಿಮಗೂ ನಡುವೆ ಎರಡು ಬೆರಳಾದರೂ ಜಾಗ ಇರಬೇಕು. ಇಲ್ಲ ಅಂದರೆ ಆ ಸೈಕಲ್ಲೇ ನಿಮಗೆ ದೊಡ್ಡದು, ಯಾವ ರಿಪೇರಿಯೂ ಅದನ್ನು ಚಿಕ್ಕದು ಮಾಡಲ್ಲ.

ಸೀಟು ಹಿಂದೆ ಮುಂದೆ ಎಷ್ಟಿರಬೇಕು? ಒಂದು ದಾರಕ್ಕೆ ನಟ್ಟು ಕಟ್ಟಿ. ಎರಡು ಪೆಡಲ್‌ಗಳೂ ನೆಲದಿಂದ ಒಂದೇ ಎತ್ತರದಲ್ಲಿ ಇದ್ದಾಗ, ಮುಂದಿನ ಕಾಲಿನ ಮಂಡಿಚಿಪ್ಪಿನ ಕೆಳಗಿನಿಂದ ದಾರ ಇಳಿಬಿಡಿ. ನಟ್ಟು ಪೆಡಲ್ಲಿನ ನಡುಭಾಗದ ಹತ್ತಿರ ತೂಗಿದರೆ ಸಾಕು. ನನ್ನದು ಎರಡು ಬೆರಳು ಮುಂದೆ ತೂಗುತ್ತಿತ್ತು. ಮಂಡಿ ನೋವಿನ ಗುಟ್ಟು ಅಲ್ಲೇ ಗೊತ್ತಾಯಿತು. ಸೀಟಿನ ಮೂತಿ ಕೆಳಗೆ ಬಾಗಿರಬಾರದು, ಬಾಗಿದರೆ ನೀವು ಜಾರಿ ಜಾರಿ ಮೈಭಾರವೆಲ್ಲ ಅಂಗೈಗೆ ಬೀಳುತ್ತೆ.

ಈಗ ಹ್ಯಾಂಡಲ್. ಹಳೇ ಮಾದರಿ ಸೈಕಲ್ ಆದರೆ ಕೊರಳಿನ ಮಧ್ಯೆ ಮೇಲುಗಡೆ ಒಂದೇ ಬೋಲ್ಟು ಇರುತ್ತೆ. ಅದನ್ನು ಪೂರ್ತಿ ಬಿಚ್ಚಬೇಡಿ, ಮೂರು ಸುತ್ತು ಸಡಿಲ ಮಾಡಿ. ಹ್ಯಾಂಡಲ್ ಅಲ್ಲಾಡಲ್ಲ, ಗಾಬರಿ ಬೇಡ. ಒಳಗೆ ಬೆಣೆ ಕಚ್ಚಿಕೊಂಡಿರುತ್ತೆ. ಬೋಲ್ಟಿನ ತಲೆ ಮೇಲೆ ಮರದ ತುಂಡಿಟ್ಟು ಸುತ್ತಿಗೆಯಿಂದ ಒಂದು ಏಟು ಹಾಕಿದರೆ ಟಪ್ ಅಂತ ಬೋಲ್ಟು ಒಳಗಿಳಿಯುತ್ತೆ, ಕೈಗೆ ಹ್ಯಾಂಡಲ್ ಹಗುರವಾಗುತ್ತೆ. ಮೇಲಕ್ಕೆ ಎತ್ತಿ, ಬೋಲ್ಟನ್ನು ಮತ್ತೆ ಬಿಗಿ ಮಾಡಿ. ಕೊರಳು ಹಿಂದಕ್ಕೆ ವಾಲಿರುವುದರಿಂದ 1 ಸೆಂ.ಮೀ. ಎತ್ತಿದರೆ ಸುಮಾರು 3 ಮಿ.ಮೀ. ನಿಮ್ಮ ಕಡೆಗೂ ಬರುತ್ತೆ. ಹ್ಯಾಂಡಲ್ ಕಂಬದ ಮೇಲೆ ಗೀಚಿರುವ ಮಿತಿಯ ಗೆರೆ ಮಾತ್ರ ಹೊರಗೆ ಕಾಣಬಾರದು. ಸೀಟಿನ ರಾಡಿಗೂ ಇದೇ ನಿಯಮ.

ಗೇರ್ ಸೈಕಲ್‌ಗಳಲ್ಲಿ ಹ್ಯಾಂಡಲ್ ಹಿಡಿದಿರುವ ತುಂಡು, ಅಂದರೆ ಸ್ಟೆಮ್, ಬದಲಿಸಬೇಕು. ನನ್ನದರಲ್ಲಿ 90 ಮಿ.ಮೀ. ಇತ್ತು, 60 ಹಾಕಿದೆ. ಮೂರು ಸೆಂ.ಮೀ. ಹತ್ತಿರ ಬಂತು. ಹ್ಯಾಂಡಲ್ ಸ್ವಲ್ಪ ಚುರುಕಾಗಿ ತಿರುಗುತ್ತೆ, ಎರಡು ದಿನದಲ್ಲಿ ಕೈ ಹೊಂದಿಕೊಳ್ಳುತ್ತೆ. ಕೊಳ್ಳುವ ಮೊದಲು ಹ್ಯಾಂಡಲ್ ದಪ್ಪ ನೋಡಿಕೊಳ್ಳಿ, ಸಾಮಾನ್ಯವಾಗಿ 25.4 ಅಥವಾ 31.8 ಮಿ.ಮೀ. ಒಂದಕ್ಕೆ ಇನ್ನೊಂದು ಕೂರಲ್ಲ. ಕೂರಿಸುವಾಗ ಮೊದಲು ಸ್ಟೆಮ್ ಮೇಲಿನ ಟೋಪಿಯ ಬೋಲ್ಟನ್ನು ಅಲುಗಾಟ ಹೋಗುವಷ್ಟು ಮಾತ್ರ ಬಿಗಿ ಮಾಡಿ, ಆಮೇಲೆ ಪಕ್ಕದ ಎರಡು. ಹ್ಯಾಂಡಲ್ ಹಿಡಿಯುವ ಮುಂದಿನ ನಾಲ್ಕನ್ನು ಓರೆಯಾಗಿ ಎದುರುಬದುರು, ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಸ್ಟೆಮ್ ಬದಲಿಸೋಕೆ ಮನಸ್ಸಿಲ್ಲದಿದ್ದರೆ ಹಿಂದಕ್ಕೆ ಬಾಗಿದ ಹ್ಯಾಂಡಲ್ ಹಾಕಿಸಿ. ಹಳೇ ಲೇಡೀಸ್ ಸೈಕಲ್‌ನ ಆ ಹ್ಯಾಂಡಲ್ ನಿಜಕ್ಕೂ ಒಳ್ಳೆಯದು.

ಬ್ರೇಕ್ ಹಿಡಿಯನ್ನು ಯಾರೂ ಗಮನಿಸಲ್ಲ. ನನಗೆ ಬೆರಳಿನ ತುದಿ ಗೆಣ್ಣು ಮಾತ್ರ ಎಟುಕುತ್ತಿತ್ತು, ತುರ್ತಿಗೆ ಬ್ರೇಕ್ ಒತ್ತಿದರೆ ಉಗುರು ಜಾರುತ್ತಿತ್ತು. ತುಂಬಾ ಸೈಕಲ್‌ಗಳಲ್ಲಿ ಹಿಡಿಯ ಬುಡದಲ್ಲಿ ಸಣ್ಣ ಸ್ಕ್ರೂ ಇರುತ್ತೆ. ಅದನ್ನು ಒಳಕ್ಕೆ ತಿರುಗಿಸಿದರೆ ಹಿಡಿ ಬೆರಳಿನ ಹತ್ತಿರ ಬರುತ್ತೆ. ಪೂರ್ತಿ ಒತ್ತಿದಾಗ ಹ್ಯಾಂಡಲ್‌ಗೆ ತಾಗುವಷ್ಟು ಹತ್ತಿರ ಬೇಡ.

ಎಲ್ಲ ಆದ ಮೇಲೆ ಮುಂದಿನ ಚಕ್ರವನ್ನು ಮಂಡಿಗಳ ನಡುವೆ ಹಿಡಿದು ಹ್ಯಾಂಡಲ್ ತಿರುಚಿ ನೋಡಿ, ಜಾರಬಾರದು. ಎರಡೂ ಕಡೆ ಪೂರ್ತಿ ತಿರುಗಿಸಿ, ಬ್ರೇಕ್ ವೈರ್ ಎಳೆದುಕೊಳ್ಳಬಾರದು. ಮುಂದಿನ ಬ್ರೇಕ್ ಹಿಡಿದು ಹಿಂದೆ ಮುಂದೆ ತಳ್ಳಿದಾಗ ಟಕ್ ಟಕ್ ಅನ್ನಬಾರದು. ಆಮೇಲೆ ಗಾಡಿ ಓಡಾಡದ ಜಾಗದಲ್ಲಿ ಒಂದು ಸುತ್ತು ಹೋಗಿ. ಮೊಣಕೈ ಸ್ವಲ್ಪ ಬಾಗಿರಬೇಕು, ಹೆಗಲು ಕಿವಿಗೆ ಏರಿರಬಾರದು.

ಎಲ್ಲ ಸರಿ ಅನ್ನಿಸಿದ ಜಾಗದಲ್ಲಿ ಸೀಟಿನ ರಾಡಿಗೆ ಒಂದು ಸುತ್ತು ಇನ್ಸುಲೇಶನ್ ಟೇಪ್ ಹಾಕಿಬಿಡಿ. ಮನೆಯಲ್ಲಿ ನಿಮ್ಮ ತಮ್ಮ ಸೀಟನ್ನು ಎತ್ತರ ಮಾಡಿಕೊಂಡು ಹಾಲು ತರೋಕೆ ಹೋಗಿದ್ದರೂ, ವಾಪಸ್ ಬಂದ ಮೇಲೆ ಆ ಟೇಪಿನವರೆಗೆ ಇಳಿಸಿದರೆ ಸಾಕು.