ಹಿನ್ನೆಲೆ ಚಿತ್ರಗಳನ್ನು ಸ್ಕ್ರಿಪ್ಟ್‌ನಿಂದಲೇ ಹಾಕಿದೆ: ನನ್ನ ಅನುಭವ

ಸುಮಾರು 140 ಕಾರ್ಡ್‌ಗಳಿದ್ದ (ಚಿತ್ರ, ಶೀರ್ಷಿಕೆಯ ಚೌಕಗಳಿದ್ದ) ವೆಬ್ ಪುಟ. ಪ್ರತಿಯೊಂದಕ್ಕೂ ಬೇರೆ ಹಿನ್ನೆಲೆ ಚಿತ್ರ, ಅದರ ಮೇಲೆ ಕಪ್ಪು ಗ್ರೇಡಿಯಂಟ್ (ಕ್ರಮೇಣ ತಿಳಿಯಾಗುವ ಬಣ್ಣದ ಪದರ), ಅದರ ಮೇಲೆ ಶೀರ್ಷಿಕೆ. ಚಿತ್ರಗಳನ್ನು ಜಾವಾಸ್ಕ್ರಿಪ್ಟ್ ಭಾಷೆಯ ಸ್ಕ್ರಿಪ್ಟ್‌ನಿಂದ ಹಾಕಲು ಹೊರಟೆ. ‘ಜಾವಾಸ್ಕ್ರಿಪ್ಟ್ ಸಹವಾಸ ಬೇಡ, ಪುಟಕ್ಕೆ ನೇರವಾಗಿ ಚಿತ್ರ ಸೇರಿಸುವ ಇಮೇಜ್ ಟ್ಯಾಗ್ ಹಾಕಿ ಮುಗಿಸಿ’ ಎಂದು ಜೊತೆಗಾರರೆಲ್ಲ ಹೇಳಿದರು. ನಾನು ಪಟ್ಟು ಬಿಡಲಿಲ್ಲ. ಏಳೆಂಟು ತಿಂಗಳಿಂದ ಆ ಪುಟ ಒಂದು ದೂರೂ ಇಲ್ಲದೆ ಓಡುತ್ತಿದೆ.

ಮೊದಲ ಪೆಟ್ಟು ಬಿದ್ದದ್ದು ಗ್ರೇಡಿಯಂಟ್‌ಗೆ. ಹಿನ್ನೆಲೆ ಚಿತ್ರ ಹೇಳುವ ಬ್ಯಾಕ್‌ಗ್ರೌಂಡ್‌ಇಮೇಜ್ ಪ್ರಾಪರ್ಟಿಗೆ (ರೂಪದ ಗುಣಕ್ಕೆ) ಸ್ಕ್ರಿಪ್ಟ್‌ನಿಂದ ಚಿತ್ರ ಕೊಟ್ಟೊಡನೆ, ಪುಟದ ರೂಪ ವಿವರಿಸುವ ಸ್ಟೈಲ್‌ಶೀಟ್ ಫೈಲ್‌ನಲ್ಲಿದ್ದ ಗ್ರೇಡಿಯಂಟ್ ಅಳಿಸಿಹೋಯಿತು. ಎರಡೂ ಅದೇ ಪ್ರಾಪರ್ಟಿಯ ಪದರಗಳಲ್ಲವೇ! ಹಾಗಾಗಿ ಚಿತ್ರದ ವಿಳಾಸವನ್ನಷ್ಟೇ ಸೆಟ್‌ಪ್ರಾಪರ್ಟಿ ಎಂಬ ಆದೇಶದಿಂದ ಕಸ್ಟಮ್ ಪ್ರಾಪರ್ಟಿಗೆ (ನಾವೇ ಹೆಸರಿಡುವ, ಸ್ಟೈಲ್‌ಶೀಟ್ ಬಳಸಬಲ್ಲ ಮೌಲ್ಯಕ್ಕೆ) ತುಂಬಿ, ಗ್ರೇಡಿಯಂಟನ್ನು ಸ್ಟೈಲ್‌ಶೀಟ್‌ನಲ್ಲೇ ಬಿಟ್ಟೆ. ಈಗ ಚಿತ್ರಗಳೇ ನಾಪತ್ತೆ. ಬ್ರೌಸರ್ ಅವುಗಳನ್ನು ಸ್ಟೈಲ್‌ಶೀಟ್ ಇದ್ದ ಫೋಲ್ಡರ್‌ನಲ್ಲಿ ಹುಡುಕುತ್ತಿತ್ತು. ಪೂರ್ಣ ವಿಳಾಸ ಕಟ್ಟಿಕೊಟ್ಟ ಮೇಲೆ ಬಂದವು.

ಆದರೂ ಮೂರು ಕಾರ್ಡ್‌ಗಳು ಬೋಳಾಗಿಯೇ ಉಳಿದವು, ಗ್ರೇಡಿಯಂಟ್ ಕೂಡ ಇಲ್ಲ. ಬ್ರೌಸರ್ ದೋಷಗಳನ್ನು ತೋರಿಸುವ ಕನ್ಸೋಲ್‌ನಲ್ಲಿ ಒಂದೇ ಒಂದು ಎರರ್ ಇಲ್ಲ. ಎರಡು ರಾತ್ರಿ ತಡಕಾಡಿದ ಮೇಲೆ ಫೈಲ್‌ಗಳ ಹೆಸರು ನೋಡಿದೆ: ‘ಫೋಟೋ(2)’ ಎಂಬಂಥವು. ವಿಳಾಸದಲ್ಲಿ ಬರಬಾರದ ಅಕ್ಷರಗಳನ್ನು ಸಂಕೇತವಾಗಿಸುವ ಎನ್‌ಕೋಡ್‌ಯುಆರ್‌ಐ ಆವರಣಚಿಹ್ನೆಯನ್ನು ಮುಟ್ಟುವುದಿಲ್ಲ, ನಾನು ವಿಳಾಸದ ಸುತ್ತ ಉದ್ಧರಣಚಿಹ್ನೆ ಹಾಕಿರಲಿಲ್ಲ. ಆವರಣದಿಂದ ಕೆಟ್ಟ ಇಂಥ ತಪ್ಪು ಮೌಲ್ಯವನ್ನು ಬ್ರೌಸರ್ ಸದ್ದಿಲ್ಲದೆ ಎಸೆದುಬಿಡುತ್ತದೆ.

ಕೆಲಸ ಒಪ್ಪಿಕೊಂಡದ್ದು ನಿಗದಿತ ಮೊತ್ತಕ್ಕೆ. ಹೆಚ್ಚುವರಿ ಹತ್ತು ದಿನ ಕೈಯಿಂದಲೇ ಹೋಯಿತು. ಮೇಲಾಗಿ ಪುಟ ತೆರೆದೊಡನೆ 20 ಎಂಬಿಯಷ್ಟು ಚಿತ್ರಗಳು ಇಳಿಯುತ್ತಿದ್ದವು. ಇಮೇಜ್ ಟ್ಯಾಗ್‌ಗಿರುವ ಲೇಜಿ ಲೋಡಿಂಗ್ (ಪರದೆಯ ಹತ್ತಿರ ಬಂದಾಗಷ್ಟೇ ಇಳಿಸುವ ಸೌಲಭ್ಯ) ಹಿನ್ನೆಲೆ ಚಿತ್ರಕ್ಕಿಲ್ಲ. ಕಾರ್ಡ್ ಪರದೆಗೆ ಬಂತೇ ಎಂದು ತಿಳಿಸುವ ಇಂಟರ್‌ಸೆಕ್ಷನ್ ಅಬ್ಸರ್ವರ್ ಹಾಕಿ, ಎಷ್ಟು ದೂರದಿಂದಲೇ ಎಣಿಸಬೇಕೆಂದು ಹೇಳುವ ರೂಟ್‌ಮಾರ್ಜಿನ್ 300 ಪಿಕ್ಸೆಲ್ ಇಟ್ಟೆ. ಮೊದಲ ಲೋಡ್ ಎರಡು ಎಂಬಿ ಒಳಗೆ ಬಂತು. ಮುಂದಿನ ತಿಂಗಳ ಬ್ಯಾಂಡ್‌ವಿಡ್ತ್ ಬಿಲ್ ಮೂರನೇ ಒಂದು ಭಾಗಕ್ಕೆ ಇಳಿದದ್ದನ್ನು ಕಂಡು ಗ್ರಾಹಕರು ಆ ಹತ್ತು ದಿನಗಳ ಹಣವನ್ನೂ ಕೊಟ್ಟರು.

ನಡುವೆ ಇನ್ನೊಂದು ಆಸೆ ಹುಟ್ಟಿತು: ಮೌಸ್ ಸರಿದಂತೆ ಚಿತ್ರವೂ ಸರಿಯಬೇಕು. ಬ್ಯಾಕ್‌ಗ್ರೌಂಡ್ ಪೊಸಿಷನ್ (ಹಿನ್ನೆಲೆ ಚಿತ್ರದ ಸ್ಥಾನ) ಬದಲಿಸಿ ನೋಡಿದೆ, ಹಳೆಯ ಮೊಬೈಲ್‌ಗೆ ಮೌಸ್ ಜೋಡಿಸಿದಾಗ ತಡವರಿಸಿತು. ಚಿತ್ರವನ್ನು ಬಿಫೋರ್ ಎಲಿಮೆಂಟ್‌ಗೆ (ಕಾರ್ಡ್‌ನೊಳಗೆ ಸ್ಟೈಲ್‌ಶೀಟ್ ಸೃಷ್ಟಿಸುವ ಅಂಶಕ್ಕೆ) ಸಾಗಿಸಿ, ಅದನ್ನೇ ಜರುಗಿಸುವ ಟ್ರಾನ್ಸ್‌ಫಾರ್ಮ್ ಬಳಸಿದಾಗ ಬೆಣ್ಣೆಯಂತೆ ಜಾರಿತು. ಚಿತ್ರ ಮೆಲ್ಲನೆ ಮೂಡುವುದಕ್ಕೂ ಅದೇ ಎಲಿಮೆಂಟ್‌ನ ಒಪಾಸಿಟಿ (ಎಷ್ಟು ಗಾಢವಾಗಿ ಕಾಣಬೇಕೆಂಬ ಅಳತೆ) ಸಾಕಾಯಿತು. ಚಿತ್ರದ ಡಿಕೋಡ್ (ತೋರಿಸಲು ಸಿದ್ಧಪಡಿಸುವ ಕೆಲಸ) ಮುಗಿದ ಮೇಲೆಯೇ ಒಪಾಸಿಟಿ ಏರಿಸುತ್ತೇನೆ, ಬಿಳಿ ಮಿಂಚು ಕಾಣುವುದಿಲ್ಲ. ಅಲ್ಲಿಯವರೆಗೆ ಕಾರ್ಡ್ ಚಿತ್ರಕ್ಕೆ ಒಪ್ಪುವ ಬಣ್ಣದಲ್ಲಿರುತ್ತದೆ. ಆ ಬಣ್ಣ ಆರಿಸುವ ಉಪಾಯ ಸದ್ಯಕ್ಕೆ ನನ್ನಲ್ಲೇ ಇರಲಿ, ಮುಂದಿನ ಕೆಲಸಕ್ಕೆ ಅದನ್ನೇ ನೆಚ್ಚಿದ್ದೇನೆ.