ಡಿಸ್ಚಾರ್ಜ್‌ಗೆ ಮುಂಚೆ ಜನನ ವರದಿ ಓದಿ ನೋಡಿ

ಕೊಡಗಿನ ಸರ್ಕಾರಿ ಆಸ್ಪತ್ರೆಯೊಂದರ ರೆಕಾರ್ಡ್ ರೂಮಿನಲ್ಲಿ ನಾನು ಗುಮಾಸ್ತೆ. ಹೆರಿಗೆಯಾದ ಮನೆಯವರಿಗೆಲ್ಲ ನಾನು ಮೊದಲು ಹೇಳುವುದು ಒಂದೇ ಮಾತು: ಮಗುವನ್ನು ಮನೆಗೆ ಕರೆದುಕೊಂಡು ಹೋಗುವ ಮುಂಚೆ ಒಬ್ಬರು ನನ್ನ ಮೇಜಿನ ಹತ್ತಿರ ಬಂದು, ಜನನ ವರದಿಯ, ಅಂದರೆ ಜನನ ನೋಂದಣಿಗೆ ಆಸ್ಪತ್ರೆ ಕಳಿಸುವ ನಮೂನೆಯ, ಹೆಸರುಗಳನ್ನು ಅಕ್ಷರ ಅಕ್ಷರ ನೋಡಿ.

ವಾರ್ಡಿನಲ್ಲಿ ಹೆಸರು ಬರೆದುಕೊಳ್ಳುವುದು ಬಸಿರಿನ ತಪಾಸಣೆಗೆ ಕೊಡುವ ತಾಯಿ ಕಾರ್ಡ್ ನೋಡಿ. ಅದರಲ್ಲಿ ‘ಕಾವೇರಿ’ ಇರುತ್ತದೆ, ಆಧಾರ್‌ನಲ್ಲಿ ‘ಕಾವೇರಮ್ಮ’. ಕೊಡವ ಕುಟುಂಬಗಳಲ್ಲಿ ಮನೆಹೆಸರು ಒಂದು ದಾಖಲೆಯಲ್ಲಿ ಪೂರ್ತಿ, ಇನ್ನೊಂದರಲ್ಲಿ ಬರೀ ಇನಿಷಿಯಲ್. ತೋಟದ ಲೈನ್‌ಮನೆಗಳಿಂದ (ಕೂಲಿಯವರ ಸಾಲುಮನೆಗಳಿಂದ) ಬರುವ ಎಷ್ಟೋ ತಾಯಂದಿರಿಗೆ ಓದು ಬರುವುದಿಲ್ಲ, ಅವರಿಗೆ ನಾನೇ ಗಟ್ಟಿಯಾಗಿ ಓದಿ ಹೇಳುತ್ತೇನೆ. ಗಂಡ ಹೆಂಡತಿ ಇಬ್ಬರ ಆಧಾರ್ ತನ್ನಿ, ಪ್ಲಾಸ್ಟಿಕ್ ಕವರಿನಲ್ಲಿ ತನ್ನಿ. ಆಟಿ ತಿಂಗಳ ಜೋರು ಮಳೆಯಲ್ಲಿ ಒಬ್ಬರು ಅಂಗಿ ಜೇಬಿನೊಳಗೆ ಇಟ್ಟುಕೊಂಡು ಬಂದ ಜೆರಾಕ್ಸ್ ಮುದ್ದೆಯಾಗಿ, ಬಿಡಿಸಿದರೆ ಹರಿದು ಬಂದದ್ದನ್ನು ನಾನೇ ನೋಡಿದ್ದೇನೆ. ಪಾಪ, ಅವರು ಬಸ್ಸಿಳಿದು ಅಷ್ಟು ದೂರ ನಡೆದು ಬಂದಿದ್ದರು.

ನನ್ನ ಮಗಳ ಜನನ ಪತ್ರದಲ್ಲೇ ನನ್ನ ಹೆಸರಿನ ಒಂದು ಒತ್ತಕ್ಷರ ಬಿಟ್ಟುಹೋಗಿತ್ತು. ಶಾಲೆಗೆ ಸೇರಿಸುವಾಗ ಗೊತ್ತಾಯಿತು, ತಿದ್ದಿಸಲು ಮೂರು ಸಲ ಓಡಾಡಿದೆ. ನೋಂದಣಿಯಾದ ಮೇಲೆ ಮೂಲ ನಮೂದನ್ನು ಅಳಿಸುವ ಹಾಗಿಲ್ಲ. ನೋಂದಣಾಧಿಕಾರಿ ಅಂಚಿನಲ್ಲಿ ತಿದ್ದುಪಡಿ ಬರೆದು, ತಾರೀಖು ಹಾಕಿ ಸಹಿ ಮಾಡಬೇಕು.

ಇನ್ನು ದಿನಗಳ ಲೆಕ್ಕ. ಆಸ್ಪತ್ರೆಯಲ್ಲಿ ಹುಟ್ಟಿದರೆ ವರದಿ ಕೊಡುವ ಹೊಣೆ ಆಸ್ಪತ್ರೆಯದು. ಮನೆಯಲ್ಲಿ ಹುಟ್ಟಿದರೆ ಮನೆಯ ಯಜಮಾನರದು, 21 ದಿನದೊಳಗೆ. ಆಮೇಲೆ 30 ದಿನದವರೆಗೆ ತಡದ ಶುಲ್ಕ, ಒಂದು ವರ್ಷದವರೆಗೆ ಲಿಖಿತ ಅನುಮತಿ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕು.

ನೋಂದಣಿ ಆಗುವುದು ಮಗು ಹುಟ್ಟಿದ ಊರಿನಲ್ಲಿ. ಮನೆ ಸೋಮವಾರಪೇಟೆಯಲ್ಲಿದ್ದು ಹೆರಿಗೆ ಮೈಸೂರಿನಲ್ಲಾಗಿದ್ದರೆ ಪತ್ರ ಮೈಸೂರಿನದ್ದೇ, ಸೋಮವಾರಪೇಟೆಯಲ್ಲಿ ಅಲೆದು ಫಲವಿಲ್ಲ. ತವರಿಗೆ ಹೋಗಿ ಹೆತ್ತವರು ಇದನ್ನು ನೆನಪಿಡಿ.

2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್ ಎಲ್ಲಕ್ಕೂ ಹುಟ್ಟಿದ ದಿನಕ್ಕೆ ಈ ಪತ್ರವೇ ದಾಖಲೆ. ಹೆಸರು ಇಟ್ಟಿಲ್ಲ ಎಂದು ಕಾಯಬೇಡಿ. ಹೆಸರಿಲ್ಲದೆಯೇ ನೋಂದಣಿ ಆಗುತ್ತದೆ, ಒಂದು ವರ್ಷದೊಳಗೆ ಬಂದರೆ ಶುಲ್ಕವಿಲ್ಲದೆ ಹೆಸರು ಸೇರಿಸುತ್ತಾರೆ. ಆ ಹೆಸರನ್ನು ಮಾತ್ರ ಮನೆಯಲ್ಲೇ ಚೀಟಿಯ ಮೇಲೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದುಕೊಂಡು ಬನ್ನಿ.